ಹೆಸರು ಹೇಳಿದವಳು ವಿಜಯಾ ಅಲ್ಲ

ರೇಣುಕಾಳ ಹೆಸರನ್ನು ಬ್ಯಾಡಗಿಯ ಆ ಸಾವಕಾರರಿಗೆ ಮುಟ್ಟಿಸಿದವಳು ನೀನಲ್ಲ, ವಿಜಯಾ. ನಾನು. ನನ್ನ ಕೈಯಿಂದಲೇ ಅದು ಆಯಿತು. ಆದದ್ದು ನನಗೆ ಅದೇ ವಾರ ಗೊತ್ತಾಯಿತು. ಗೊತ್ತಾದ ಮೇಲೂ ಆ ಅಪವಾದ ನಿನ್ನ ತಲೆಯ ಮೇಲೆ ಬೀಳಲು ಬಿಟ್ಟೆ. ಬಿಟ್ಟೆ ಎಂದರೂ ಸುಳ್ಳಾಗುತ್ತದೆ — ನಾನೇ ಎತ್ತಿ ಹಾಕಿದೆ.

ಈ ನಾಲ್ಕು ಸಾಲು ಬರೆಯಲು ಎಂಟು ವರ್ಷ ಬೇಕಾಯಿತು. ಇಷ್ಟನ್ನೇ ಒಂದು ಚೀಟಿಯಲ್ಲಿ ಬರೆದು ನಿನ್ನ ಕೈಗಿಟ್ಟು ಬರಬಹುದಿತ್ತು. ಆದರೆ ನಿನ್ನನ್ನು ಆಡಿಕೊಂಡವರು ಬಹಳ ಮಂದಿ. ನಿನ್ನ ತರಗತಿಯವರು, ನಿಮ್ಮ ಓಣಿಯವರು, ಗೋದಾಮಿನ ಹೆಂಗಸರು. ಎಂದಾದರೂ ಅವರೂ ಓದುವಂತಾದರೆ ಏನಾಯಿತೆಂಬುದು ಅವರಿಗೂ ತಿಳಿಯಬೇಕು. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ. ಸಹಿಸಿಕೊಂಡು ಓದು.

ಆಗ ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಎಂ.ಎ. ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ, ಇನ್ನು ಕೆಲವು ತಿಂಗಳು. ಆ ವರ್ಷ ಹೊಸದಾಗಿ ಇ-ಪುಸ್ತಕ ಮತ್ತು ಡಿಜಿಟಲ್ ಪ್ರಕಾಶನ ಎಂಬ ಪತ್ರಿಕೆ ಪಠ್ಯಕ್ರಮಕ್ಕೆ ಬಂತು. ವಿಭಾಗದಲ್ಲಿ ಯಾರೂ ಮುಂದೆ ಬರಲಿಲ್ಲ. ನಾನು ಬಂದೆ. ನನಗೆ ಬಹಳ ತಿಳಿದಿತ್ತು ಎಂದಲ್ಲ, ಉಳಿದವರಿಗೆ ನನ್ನಷ್ಟೂ ತಿಳಿದಿರಲಿಲ್ಲ — ಆ ಎತ್ತರ ನನಗೆ ಹಿಡಿಸಿತ್ತು. ಕಂಪ್ಯೂಟರ್ ಕೋಣೆಯಲ್ಲಿ ಅರ್ಧ ಯಂತ್ರಗಳು ಕೆಟ್ಟು ಕೂತಿದ್ದವು; ಒಂದೊಂದಕ್ಕೆ ಇಬ್ಬಿಬ್ಬರು ಕೂರುತ್ತಿದ್ದಿರಿ. ಹಳೆಯ ಫಾಂಟಿನಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದವು, ಅರ್ಕಾವತ್ತು ಪಕ್ಕದ ಅಕ್ಷರದ ತಲೆಗೆ ಹೋಗಿ ಕೂರುತ್ತಿತ್ತು. ಅದನ್ನು ಕಂಡು ನಗುತ್ತ, ಒಂದೊಂದೇ ತಿದ್ದುತ್ತ, ತರಗತಿ ಮುಗಿದರೂ ಏಳದೆ ಕೂರುತ್ತಿದ್ದವರು ನೀವಿಬ್ಬರೇ. ನೀನು ಬ್ಯಾಡಗಿಯವಳು, ರೇಣುಕಾ ಮೋಟೆಬೆನ್ನೂರಿನಿಂದ ಬರುತ್ತಿದ್ದಳು. ನಿನ್ನ ಕೈ ಕೀಲಿಮಣೆಯ ಮೇಲೆ ಓಡುತ್ತಿತ್ತು. ಆಕೆಯದು ನಿಧಾನ, ಆದರೆ ಬರೆದರೆ, ಒಂದು ವಾಕ್ಯವನ್ನೂ ತೆಗೆಯುವ ಹಾಗಿರುತ್ತಿರಲಿಲ್ಲ.

ಸೆಮಿಸ್ಟರ್ ಮುಗಿಯುವುದರೊಳಗೆ ಪ್ರತಿಯೊಬ್ಬರೂ ತಮ್ಮ ಸುತ್ತಲಿನ ಬದುಕಿನ ಮೇಲೆ ಒಂದು ಚಿಕ್ಕ ಇ-ಪುಸ್ತಕ ಮಾಡಬೇಕೆಂದು ಹೇಳಿದ್ದೆ. ಒಬ್ಬ ಹೊಸರಿತ್ತಿಯ ಆಶ್ರಮದ ಶಾಲೆಯಲ್ಲಿ ಓದಿದ ತನ್ನ ಅಜ್ಜನ ನೆನಪುಗಳನ್ನು ತಂದ. ನೀನು ಮದುವೆಮನೆಯ ಅಡುಗೆಗಳ ಪುಸ್ತಕ ಮಾಡಿದೆ. ರೇಣುಕಾ ಬಹಳ ದಿನ ಏನನ್ನೂ ತರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ನೀನೂ ಜೊತೆಗಿದ್ದೆ, ಹಾಳೆಗಳ ಒಂದು ಕಟ್ಟನ್ನು ನನ್ನ ಮೇಜಿನ ಮೇಲಿಟ್ಟಳು. ‘ತೊಟ್ಟು ಬಿಡಿಸುವವರು’ ಎಂದು ಹೆಸರು. ಆಕೆಯ ಅವ್ವ ಗಂಗವ್ವ ಬ್ಯಾಡಗಿಯ ಸಾವಕಾರರೊಬ್ಬರ ಗೋದಾಮಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಘಾಟು, ಕೈಯ ಉರಿ, ಮಗುವನ್ನು ಮುಟ್ಟಲಾಗದೆ ಸೊಂಟಕ್ಕೆ ಕೈ ಒರೆಸಿಕೊಳ್ಳುತ್ತ ನಿಲ್ಲುವ ಬಾಣಂತಿ — ಎಲ್ಲ ಇತ್ತು. ಕೊನೆಯ ಅಧ್ಯಾಯದಲ್ಲಿ ಒಬ್ಬ ಹೆಂಗಸಿನ ಸಾವಿತ್ತು. ಮುಚ್ಚಿದ ಗೋದಾಮಿನಲ್ಲಿ ಉಸಿರುಕಟ್ಟಿ ಬಿದ್ದು ಸತ್ತವಳನ್ನು ಟಂಟಂ ರಿಕ್ಷಾದಲ್ಲಿ ಹಾಕಿ ಮನೆಗೆ ಕಳಿಸಿ, ಮನೆಯಲ್ಲೇ ಎದೆನೋವಿನಿಂದ ಸತ್ತಳೆಂದು ಹೇಳಿಸಿದ್ದರು. ಕಂಡ ಹೆಂಗಸರೆಲ್ಲರ ಬಾಯಿ ಮುಚ್ಚಿಸಿದ್ದರು. ಗಂಗವ್ವ ಕಂಡಿದ್ದಳು. ಮಗಳಿಗೆ ಮಾತ್ರ ಹೇಳಿದ್ದಳು.

ಓದಿ ಮುಗಿಸಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ. ಅದರ ಜೊತೆಗೇ, ಇಂಥದ್ದು ನನ್ನ ತರಗತಿಯಿಂದ ಬಂತಲ್ಲ ಎಂಬ ಹಿಗ್ಗೂ ಇತ್ತು. ಅದೂ ಸುಳ್ಳಲ್ಲ.

“ನನ್ನ ಹೆಸರ ಎಲ್ಲೂ ಬರಬಾರದ್ರಿ ಮೇಡಂ,” ಎಂದಳು ರೇಣುಕಾ. “ಅವ್ವ ಇನ್ನೂ ಅಲ್ಲೇ ದುಡಿಯಾಕ ಹೋಗ್ತಾಳ. ಇದು ನಿಮಗ, ನನಗ, ವಿಜಯಾಗ — ಮೂರ ಮಂದಿಗೇ ಗೊತ್ತಿರಲಿ.”

“ಬರೂದಿಲ್ಲವಾ. ನಾ ಅದೀನಲ್ಲ,” ಎಂದೆ.

ಮುಖಪುಟಕ್ಕೆ ತನ್ನ ಮುತ್ತಜ್ಜಿಯ ಹೆಸರನ್ನು ಆರಿಸಿಕೊಂಡಳು — ಕೆಂಚವ್ವ.

ಇನ್ನು ನನ್ನ ಪಾಪ. ಇ-ಪುಸ್ತಕದಲ್ಲಿ ಕಣ್ಣಿಗೆ ಕಾಣುವ ಮುಖಪುಟದ ಹಿಂದೆ, ಕಡತದ ಒಳಗೆ, ಕೆಲವು ಖಾನೆಗಳಿರುತ್ತವೆ. ಶೀರ್ಷಿಕೆ, ಲೇಖಕರು, ಸಂಪಾದಕರು, ಭಾಷೆ. ಪುಟ ತಿರುಗಿಸುವವರಿಗೆ ಅವು ಕಾಣುವುದಿಲ್ಲ. ಪುಸ್ತಕ ತೆರೆಯುವ ಯಂತ್ರ ಮಾತ್ರ ಅವನ್ನು ಓದುತ್ತದೆ. ಇದನ್ನು ನಿಮಗೆ ಕಲಿಸಿದವಳೇ ನಾನು. ಬೋರ್ಡಿನ ಮೇಲೆ ಚೌಕ ಬರೆದು ಕಲಿಸಿದ್ದೆ.

ಆ ತಿಂಗಳು ಕಾಲೇಜಿನ ಮೌಲ್ಯಮಾಪನಕ್ಕೆ ಒಂದು ಸಮಿತಿ ಬರುವುದಿತ್ತು. ವಿದ್ಯಾರ್ಥಿಗಳು ಮಾಡಿದ ಪುಸ್ತಕಗಳ ಪಟ್ಟಿ ಕೇಳಿದ್ದರು; ಆ ಪಟ್ಟಿ ಈ ಖಾನೆಗಳಿಂದಲೇ ತಯಾರಾಗುತ್ತಿತ್ತು. ಹಾಜರಿಪುಸ್ತಕದಲ್ಲಿ ಇಲ್ಲದ ಕೆಂಚವ್ವನ ಹೆಸರಿದ್ದರೆ ಆ ಪುಸ್ತಕ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇದ್ದವುಗಳಲ್ಲೆಲ್ಲ ಒಳ್ಳೆಯದು ಅದೇ. ಹೀಗಾಗಿ ಲೇಖಕರ ಹೆಸರಿನ ಖಾನೆಯಲ್ಲಿ ರೇಣುಕಾಳ ಪೂರ್ತಿ ಹೆಸರನ್ನು ಊರಿನ ಸಮೇತ ತುಂಬಿದೆ. ಸಂಪಾದಕರ ಖಾನೆಯಲ್ಲಿ ನನ್ನದು. ಸಮಿತಿ ನೋಡಿ ಹೋದ ಮೇಲೆ ಅಳಿಸಿದರಾಯಿತು ಎಂದುಕೊಂಡೆ.

ಸಮಿತಿಯವರು ಬಂದರು. ಹಿರಿಯರೊಬ್ಬರು ಆ ಪುಸ್ತಕವನ್ನು ಬಹಳ ಮೆಚ್ಚಿ, ಇಂಥ ಕೆಲಸ ಈ ಭಾಗದಲ್ಲಿ ನಡೆಯುತ್ತಿದೆಯೇ ಎಂದು ಎಲ್ಲರೆದುರು ಕೇಳಿದರು. ಅಂದೇ ಸಂಜೆ ನಾನು ಅದನ್ನು ವಿಭಾಗದ ಜಾಲತಾಣಕ್ಕೆ ಏರಿಸಿ, ತರಗತಿಯ ವಾಟ್ಸ್ಯಾಪ್ ಗುಂಪಿಗೂ ಹಾಕಿದೆ. ಖಾನೆಯನ್ನು ಅಳಿಸಲು ಮರೆತೆ...

ಇಲ್ಲ. ‘ಮರೆತೆ’ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಅದು ಕೈಗೆ ತಾನೇ ಬಂದುಬಿಡುತ್ತದೆ. ನಾನು ಮರೆತಿರಲಿಲ್ಲ. ಏರಿಸುವಾಗ ನೆನಪಾಗಿತ್ತು. ಅಳಿಸಿ, ಕಡತವನ್ನು ಮತ್ತೆ ಉಳಿಸಿ, ಮತ್ತೆ ಏರಿಸಬೇಕಿತ್ತು — ನನ್ನೂರು ರಾಣೆಬೆನ್ನೂರಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು, ಮನಸ್ಸು ಹೊಗಳಿಕೆಯಲ್ಲಿತ್ತು. ಒಳಗಿನ ಖಾನೆಯನ್ನು ಯಾರು ನೋಡುತ್ತಾರೆ ಅಂದುಕೊಂಡೆ. ನಾಳೆ ಮಾಡೋಣ ಅಂದುಕೊಂಡೆ. ನಾಳೆ ಮಾಡಲಿಲ್ಲ.

ಪುಸ್ತಕ ಗುಂಪಿನಿಂದ ಗುಂಪಿಗೆ ಹೋಯಿತು. ಒಂದು ವಾರದೊಳಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನೂ ಮುಟ್ಟಿತು. ಅದನ್ನು ಬರೆದವಳು ಯಾರೆಂದು ಸಾವಕಾರರಿಗೆ ತಿಳಿದಿದೆಯಂತೆ ಎಂದು ಒಬ್ಬ ವಿದ್ಯಾರ್ಥಿ ಬಂದು ಹೇಳಿದಾಗ ನಾನು ರಾಣೆಬೆನ್ನೂರಿಗೆ ಹೊರಡಲು ಚೀಲ ಹೆಗಲಿಗೇರಿಸಿದ್ದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೊದಲ ಬಾರಿಗೆ ಆ ಪುಸ್ತಕವನ್ನು ಫೋನಿನಲ್ಲಿ ತೆರೆದೆ. ಅಲ್ಲಿಯವರೆಗೆ ಕಾಲೇಜಿನ ಕಂಪ್ಯೂಟರಿನಲ್ಲಷ್ಟೇ ನೋಡಿದ್ದೆ. ಫೋನು ಮುಖಪುಟವನ್ನು ತೋರಿಸಿತು. ಅದರ ಕೆಳಗೇ, ಎಲ್ಲ ಪುಸ್ತಕಗಳಿಗೂ ತೋರಿಸುವ ಹಾಗೆ, ಲೇಖಕರ ಹೆಸರನ್ನು ತೋರಿಸಿತು. ರೇಣುಕಾ. ತಂದೆಯ ಹೆಸರು. ಮೋಟೆಬೆನ್ನೂರು.

ಯಾರೂ ಹುಡುಕಬೇಕಾಗಿರಲಿಲ್ಲ. ಫೋನಿನಲ್ಲಿ ತೆರೆದವರಿಗೆಲ್ಲ ಕಂಡಿತ್ತು; ಕಾಲೇಜಿನ ಕಂಪ್ಯೂಟರಿನಲ್ಲೇ ಓದಿ ಮುಗಿಸಿದ್ದ ನಿಮಗಾರಿಗೂ ಕಂಡಿರಲಿಲ್ಲ.

ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಿತು. ನಾನು ಇಳಿಯಬಹುದಿತ್ತು, ವಿಜಯಾ. ಆಕೆಯ ಮನೆ ನಿಲ್ದಾಣಕ್ಕೆ ದೂರವಿರಲಿಲ್ಲ. ಸೆರಗಿನ ತುಂಬ ಕೆಂಪು ಧೂಳು ಹಿಡಿದ ನಾಲ್ಕೈದು ಹೆಂಗಸರು ರಸ್ತೆ ದಾಟುತ್ತಿದ್ದರು. ಅವರಲ್ಲಿ ಗಂಗವ್ವ ಇದ್ದಾಳೋ ಏನೋ ಎಂದು ನಾನು ಮುಖವನ್ನು ಆಚೆ ತಿರುಗಿಸಿದೆ.

ಮನೆ ಮುಟ್ಟಿದವಳೇ, ಕೈಕಾಲು ಕೂಡ ತೊಳೆಯದೆ, ಆ ಖಾನೆಯನ್ನು ಅಳಿಸಿ ಹೊಸ ಪ್ರತಿ ಮಾಡಿ ಜಾಲತಾಣದಲ್ಲಿ ಬದಲಾಯಿಸಿದೆ. ಗುಂಪಿಗೂ ಹಾಕಿ ಕೆಳಗೆ ಬರೆದೆ: “ಕೆಲವು ಅಕ್ಷರದೋಷಗಳನ್ನು ತಿದ್ದಲಾಗಿದೆ. ದಯವಿಟ್ಟು ಹಳೆಯ ಪ್ರತಿಯನ್ನು ಅಳಿಸಿ ಇದನ್ನೇ ಇಟ್ಟುಕೊಳ್ಳಿ.” ಅಚ್ಚಾದ ಪುಸ್ತಕವಾಗಿದ್ದರೆ ನನ್ನ ತಪ್ಪು ಹತ್ತು ಕಪಾಟುಗಳಲ್ಲಿ ಉಳಿಯುತ್ತಿತ್ತು. ಇದು ಕಾಲುಗಂಟೆಯಲ್ಲಿ ಗುರುತಿಲ್ಲದೆ ಹೋಯಿತು. ಗುಂಪಿನಲ್ಲಿ ಮೊದಲು ಉತ್ತರಿಸಿದವಳು ನೀನು. “ಧನ್ಯವಾದ ಮೇಡಂ, ಹಳೇದು ಅಳಿಸಿದೆ” ಎಂದು.

ಮರುದಿನ ಬೆಳಿಗ್ಗೆ ರೇಣುಕಾ ಅವ್ವನನ್ನು ಕರೆದುಕೊಂಡು ನನ್ನ ಕೋಣೆಗೆ ಬಂದಳು. ಗಂಗವ್ವನನ್ನು ನಾನು ಅಂದೇ ಮೊದಲು ನೋಡಿದ್ದು. ಕುರ್ಚಿಯಲ್ಲಿ ಕೂರು ಎಂದರೂ ಕೂರದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಗೇಟಿನ್ಯಾಗಿಂದ ಹೊಳ್ಳಿ ಕಳಿಸ್ಯಾರ್ರಿ ಅಕ್ಕಾರ. ಬಾಜೂ ಗೋದಾಮಿಗೆ ಹ್ವಾದೆ. ಅಲ್ಲೂ ಬ್ಯಾಡಂದ್ರು. ಮಗಳಿಗೆ ಬರಿಯಾಕ ಕಲಿಸೀದಿ, ಆಕೀನ ಸಾಕ್ಲಿ ಅಂತಾರ. ಇಡೀ ಬ್ಯಾಡಗಿಯೊಳಗ ಯಾರೂ ಒಳಗ ಬಿಡವಲ್ರು.”

ರೇಣುಕಾಳ ಕಣ್ಣು ಒಣಗಿತ್ತು. ಆಕೆ ನನ್ನನ್ನೇ ನೋಡುತ್ತ ಕೇಳಿದಳು, “ಮೂರ ಮಂದಿಗೆ ಗೊತ್ತಿತ್ತ್ರಿ ಮೇಡಂ. ನಾ ಹೇಳಿಲ್ಲ. ಹ್ಯಾಂಗ ಗೊತ್ತಾತು?”

ಆಕೆ ನನ್ನನ್ನು ಸಂಶಯದಿಂದ ಕೇಳಲಿಲ್ಲ. ಉತ್ತರ ಬಲ್ಲ ಹಿರಿಯಳೆಂದು ಕೇಳಿದಳು. ನನ್ನಿಂದ ಆಯಿತು ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಕಣ್ಣೆದುರು ಬಂದದ್ದು ಪ್ರಾಚಾರ್ಯರ ಕೋಣೆ, ಕೊಡಬೇಕಾದ ವಿವರಣೆ, ಮೆಚ್ಚಿದ ಆ ಹಿರಿಯರ ಮುಖ... ನಾನು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡುತ್ತ ಹೇಳಿದೆ —

“ವಿಜಯಾನ ಅಪ್ಪ ಅದೇ ಸಾವಕಾರರ ಅಂಗಡಿಯೊಳಗ ಗುಮಾಸ್ತ ಅದಾರಲ್ಲ... ಮನಿಯೊಳಗ ಮಾತಾಡಮುಂದ ಬಾಯಿತಪ್ಪಿ ಏನರ... ಗೊತ್ತಿಲ್ಲಪಾ, ನಾ ಹ್ಯಾಂಗ ಹೇಳ್ಲಿ.”

ಇಷ್ಟೇ. ಪೂರ್ತಿ ವಾಕ್ಯವನ್ನೂ ಆಡಲಿಲ್ಲ ನಾನು. ಹಾಗೆ ಆಡಿದ್ದರೆ ಯಾರಾದರೂ ಹಿಡಿದು ಕೇಳಬಹುದಿತ್ತು. ಉಳಿದದ್ದನ್ನು ರೇಣುಕಾ ತಾನೇ ಪೂರ್ತಿ ಮಾಡಿಕೊಂಡಳು. ಮಾಡಿಕೊಳ್ಳುತ್ತಿರುವುದನ್ನು ನಾನು ಆಕೆಯ ಮುಖದಲ್ಲಿ ನೋಡಿದೆ. ನೋಡುತ್ತ ಸುಮ್ಮನೆ ಕೂತೆ.

ಆಮೇಲೆ ಪಡಸಾಲೆಯಲ್ಲಿ ನಡೆದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ ಎಂಬುದು ನಿನಗೆ ಗೊತ್ತಿಲ್ಲ.

“ನಿಮ್ಮಪ್ಪನ ನೌಕರಿ ಗಟ್ಟಿ ಆಗಲಂತ ನಮ್ಮವ್ವನ ಹೊಟ್ಟಿ ಮ್ಯಾಲೆ ಹೊಡದಿಯಲ್ಲ!”

“ರೇಣೂ, ನಿನ್ನಾಣಿ, ನಾ ಯಾರ ಮುಂದನೂ ಬಾಯಿ ಬಿಟ್ಟಿಲ್ಲ.”

“ಮತ್ಯಾರ ಹೇಳಿದ್ರು? ಮೇಡಂ ಹೇಳ್ಯಾರೇನ?”

ನೀನು ಅಳುತ್ತಿದ್ದೆ. ಅಳುತ್ತಲೇ ಅಂದೆ, “ಮೇಡಂ ಯಾಕ ಹೇಳ್ತಾರ? ಅವರ ಹೆಸರ ನಡುವ ತರಬ್ಯಾಡ.”

ಅಂದು ಮಧ್ಯಾಹ್ನ ನೀನು ನನ್ನ ಬಳಿ ಬಂದೆ. “ನೀವರ ಹೇಳ್ರಿ ಮೇಡಂ, ನಾ ಅಂಥಾಕಿ ಅಲ್ಲಂತ. ನೀವಂದ್ರ ಆಕಿ ನಂಬತಾಳ” ಎಂದೆ. ನಾನು ನಿನ್ನ ಬೆನ್ನು ಸವರಿದೆ. ಎಲ್ಲ ದಿನ ಕಳೆದಂತೆ ಸರಿಯಾಗುತ್ತದೆ, ಪರೀಕ್ಷೆ ಹತ್ತಿರ ಬಂತು, ಓದಿನ ಕಡೆ ಲಕ್ಷ್ಯ ಕೊಡು ಎಂದೆ. ನಿನ್ನ ಬೆನ್ನು ಬಿಸಿಯಾಗಿತ್ತು. ನನ್ನ ಅಂಗೈಗೆ ಆ ಬಿಸಿ ಇನ್ನೂ... ಬೇಡ. ನನಗೇನು ಅನ್ನಿಸಿತು ಎಂಬುದು ಇಲ್ಲಿ ಮುಖ್ಯವಲ್ಲ.

ತರಗತಿಯಲ್ಲಿ ನಿನ್ನ ಪಕ್ಕ ಕೂರುವವರು ಇಲ್ಲವಾದರು. ಕಂಪ್ಯೂಟರ್ ಕೋಣೆಯಲ್ಲಿ ನೀನು ಒಬ್ಬಳೇ ಕೂತಿರುತ್ತಿದ್ದೆ. ಒಂದು ದಿನ ನಿಮ್ಮ ಮನೆಯ ಕಟ್ಟೆಯ ಮೇಲೆ ಯಾರೋ ಹಿಡಿ ತೊಟ್ಟು ಸುರಿದು ಹೋದರಂತೆ. ಅದನ್ನು ನನಗೆ ಹೇಳಿದ ಹುಡುಗಿ ನಕ್ಕಳು. ನಾನು ಆಕೆಯನ್ನು ಗದರಿಸಲಿಲ್ಲ. ಕೊನೆಯ ಪರೀಕ್ಷೆಗಳಿಗೆ ನೀನು ಬರಲಿಲ್ಲ. ರೇಣುಕಾಳೂ ಬರಲಿಲ್ಲ, ಅವ್ವ ಮಗಳು ಊರು ಬಿಟ್ಟರೆಂದು ಕೇಳಿದೆ. ಆ ಬ್ಯಾಚಿನಲ್ಲಿ ಮೊದಲೆರಡು ಸ್ಥಾನಕ್ಕೆ ಬರಬೇಕಾಗಿದ್ದವರು ನೀವಿಬ್ಬರು.

ನನಗೇನೂ ಆಗಲಿಲ್ಲ. ಆ ಪತ್ರಿಕೆಯನ್ನು ಪ್ರತಿ ವರ್ಷ ಕಲಿಸಿದೆ. ಬೇರೆ ಕಾಲೇಜುಗಳು ಕರೆದವು, ಹೋದೆ. ಲೇಖಕರ ಹಕ್ಕುಗಳು ಎಂಬ ವಿಷಯದ ಮೇಲೆ ಶಾಲು ಹೊದಿಸಿಕೊಂಡು ಮಾತಾಡಿದೆ. ಲೇಖಕರ ಹೆಸರಿನ ಖಾನೆಯನ್ನು ತುಂಬುವಾಗ ಎಚ್ಚರವಿರಲಿ ಎಂದು ಮಕ್ಕಳಿಗೆ ಹೇಳುವಾಗ ದನಿ ನಡುಗುತ್ತಿರಲಿಲ್ಲ. ಮೊದಲ ವರ್ಷ ನಡುಗಿತ್ತು. ಆಮೇಲೆ ಇಲ್ಲ.

ಕಳೆದ ತಿಂಗಳು ನಿವೃತ್ತಿಯ ಕಾಗದಗಳಿಗೆ ಜೆರಾಕ್ಸ್ ಮಾಡಿಸಲು ರಾಣೆಬೆನ್ನೂರಿನಲ್ಲಿ ಒಂದು ಅಂಗಡಿಗೆ ಹೋದೆ. ಆನ್‌ಲೈನ್ ಅರ್ಜಿ ತುಂಬಿಕೊಡಲಾಗುವುದು ಎಂಬ ಬೋರ್ಡಿತ್ತು. ಕಂಪ್ಯೂಟರಿನ ಹಿಂದಿನಿಂದ ಎದ್ದು ಬಂದವಳು ನೀನು. ಗುರುತಿಸಿದ್ದೂ ನೀನೇ. “ಸುಮಂಗಲಾ ಮೇಡಂ!” ಎಂದವಳೇ ಬಗ್ಗಿ ಕಾಲು ಮುಟ್ಟಿದೆ. ಗಂಡನ ಅಂಗಡಿ ಎಂದೆ, ಮಗಳು ಶಾಲೆಗೆ ಹೋಗುತ್ತಾಳೆ ಎಂದೆ. ಎಂ.ಎ. ಮುಗಿಸಬಹುದಿತ್ತಲ್ಲ ಎಂದು — ನಾನು, ಅದೇ ಬಾಯಿಂದ — ಕೇಳಿದೆ. ನೀನು ನಕ್ಕು ಮಾತು ಮರೆಸಿದೆ. ಅಪ್ಪ ಹೇಗಿದ್ದಾರೆ ಎಂದು ನಾನು ಕೇಳಿದೆ.

“ಅಪ್ಪ ತೀರಿಕೊಂಡು ಎರಡ ವರ್ಷ ಆತ್ರಿ. ಅವತ್ತಿನ ಗದ್ದಲ ಆದ ವರ್ಷನ ಆ ಅಂಗಡಿ ಬಿಟ್ಟಿದ್ರು. ಮಂದಿ ಮಾತ ತಾಳಲಿಲ್ಲ. ಕಡೀಕ ಹಾಸಿಗಿ ಹಿಡದಾಗನೂ ಒಮ್ಮೆ ಕೇಳಿದ್ರು ಮೇಡಂ, ‘ವಿಜೂ, ಖರೇ ಹೇಳು, ನೀ ಯಾರ ಮುಂದರ ಬಾಯಿ ಬಿಟ್ಟಿದ್ದೇನ?’ ಅಂತ. ಇಲ್ಲಪ್ಪಾ ಅಂದೆ. ‘ಆತು ಬಿಡು’ ಅಂದ್ರು. ನಂಬಿದ್ರೋ ಇಲ್ಲೋ ಗೊತ್ತಾಗಲಿಲ್ಲ.”

ಯಂತ್ರದಿಂದ ನನ್ನ ಕಾಗದಗಳು ಒಂದೊಂದಾಗಿ ಬೀಳುತ್ತಿದ್ದವು. ನೀನು ಅವನ್ನು ಜೋಡಿಸಿ, ಪಿನ್ನು ಹೊಡೆದು, ಎರಡೂ ಕೈಯಿಂದ ಕೊಟ್ಟೆ. “ರೇಣುಕಾ ಎಲ್ಲೆರ ಸಿಕ್ರ ಒಂದ ಮಾತ ಹೇಳ್ರಿ ಮೇಡಂ. ನಾ ಅಲ್ಲಂತ.”

“ಆಗಲಿ” ಎಂದೆ ನಾನು. ಆಗಲೂ ಅಷ್ಟೇ ಅಂದದ್ದು.

ನಿನಗೆ ಹೇಳುವ ಧೈರ್ಯ ಬಾರದೆ ನಾನು ರೇಣುಕಾಳನ್ನು ಹುಡುಕಿದೆ. ಮೋಟೆಬೆನ್ನೂರಿನಲ್ಲಿ ಆಕೆಯ ಸೋದರತ್ತೆ ಸಿಕ್ಕಿದಳು, ಹಲಗೇರಿಯಲ್ಲಿದ್ದಾರೆ ಎಂದಳು. ಹೋದೆ. ರೇಣುಕಾ ಅಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಗಂಗವ್ವ ಬೀಜದ ಕಂಪನಿಗೆ ಬೆಳೆಯುವ ಹೊಲಗಳಲ್ಲಿ ಪರಾಗ ಕೂಡಲೆಂದು ಹೂವಿಗೆ ಹೂವು ಮುಟ್ಟಿಸುವ ಕೂಲಿಗೆ ಹೋಗುತ್ತಾಳೆ. ನನ್ನನ್ನು ಕಂಡು ಆಕೆ ಚಾ ಇಟ್ಟಳು. ಚಾ ಕುಡಿಯುವ ಮೊದಲೇ ಹೇಳಬೇಕೆಂದು ಹೇಳಿಬಿಟ್ಟೆ. ಖಾನೆಯಿಂದ ಹಿಡಿದು ಬಾಗಿಲ ಹಿಂದೆ ನಿಂತದ್ದರವರೆಗೆ.

ರೇಣುಕಾ ಹೊಲಿಗೆ ಯಂತ್ರದ ಮೇಲಿನಿಂದ ಕೈ ತೆಗೆಯಲಿಲ್ಲ. ಹಾಗೇ ಕೇಳಿದಳು, “ನಾವು ಬಂದ ದಿನಾ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ವಿಜಯಾಗ ಹೇಳೀರೇನ?”

“ಇಲ್ಲ. ಮೊದಲ ನಿನಗ...”

“ನನಗ್ಯಾಕ ಮೊದಲ?” ಆಕೆಯ ದನಿ ಏರಲಿಲ್ಲ. “ನನಗ ಬೈಯಾಕ ಒಬ್ಬಾಕಿ ಇದ್ಲು. ಎಂಟ ವರ್ಷ ಆಕೀನ್ನ ಬೈಕೋತ ಹೊಟ್ಟಿ ತಣ್ಣಗ ಮಾಡಿಕೊಂಡೆ. ಆಕಿಗೆ ಯಾರಿದ್ರು?”

ಗಂಗವ್ವ ನನ್ನನ್ನು ಬೈಯಲಿಲ್ಲ, ಶಪಿಸಲಿಲ್ಲ. ಒಲೆಯ ಮೇಲಿನ ಚಾ ಇಳಿಸಿ ಪಕ್ಕಕ್ಕಿಟ್ಟು ಹೊರಗೆ ಹೋದಳು. ನಾನು ಎದ್ದಾಗ ರೇಣುಕಾ ಕೆಲವು ಮಾತು ಹೇಳಿದಳು. ಆ ಪುಸ್ತಕ ಇನ್ನೂ ಜಾಲತಾಣದಲ್ಲಿದ್ದರೆ ಹಾಗೇ ಇರಲಿ, ಸತ್ತವಳು ಸತ್ತದ್ದು ಖರೇ. ಅದರೊಳಗಿನ ನಿಮ್ಮ ಹೆಸರನ್ನು ತೆಗೆಯಿರಿ. ವಿಜಯಾಗೆ ಬರೆದು ಕೊಡಿ, ಬಾಯಲ್ಲಿ ಹೇಳಬೇಡಿ, ಬಾಯಲ್ಲಿ ನೀವು ಅರ್ಧಕ್ಕೆ ನಿಲ್ಲಿಸುತ್ತೀರಿ. ಬರೆಯುವಾಗ ನನ್ನ ಹೆಸರು ಹಾಕಿ, ಇನ್ನು ಅಂಜಲು ಏನೂ ಉಳಿದಿಲ್ಲ ಎಂದಳು.

ವಿಜಯಾಳನ್ನು ನೋಡಲು ಬರುತ್ತೀಯಾ ಎಂದು ರೇಣುಕಾಳನ್ನು ಕೇಳಿದೆ. ಆಕೆ ಯಂತ್ರ ತುಳಿಯತೊಡಗಿದಳು.

ನನ್ನ ಹೆಸರನ್ನು ತೆಗೆದಿದ್ದೇನೆ. ನಡೆದದ್ದನ್ನೆಲ್ಲ ಬರೆದು, ನಿನ್ನ ಹೆಸರು ಬಿಟ್ಟು, ಪ್ರಾಚಾರ್ಯರಿಗೆ ಕೊಟ್ಟಿದ್ದೇನೆ. ಅವರು ಓದಿ, ಇನ್ನೆಷ್ಟು ದಿನ ಇದೆ ನಿಮ್ಮ ಸರ್ವೀಸು, ಸುಮ್ಮನಿರಿ ಎಂದರು. ಸುಮ್ಮನಿರುವುದು ನನಗೆ ಬರುತ್ತದೆ ಎಂದು ಅವರಿಗೆ ಹೇಗೆ ಹೇಳಲಿ. ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಈ ಬರಹವನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಇದರಲ್ಲಿ ನಿನ್ನ ಹೆಸರಿದೆ; ಅದನ್ನು ಹೊರಗೆ ಬಿಡಬೇಕೋ ಬೇಡವೋ ಎಂಬುದು ನಿನಗೆ ಸೇರಿದ್ದು. ನೀನು ಒಪ್ಪಿದರೆ ಆ ಬ್ಯಾಚಿನ ಪ್ರತಿಯೊಬ್ಬರಿಗೂ ನಾನೇ ಕಳಿಸುತ್ತೇನೆ, ನಿಮ್ಮ ಓಣಿಗೂ ಬಂದು ಹೇಳುತ್ತೇನೆ. ಒಪ್ಪದಿದ್ದರೆ ಹರಿದು ಹಾಕು. ನಿನ್ನ ಅಪ್ಪನಿಗೆ ಹೇಳುವುದು ಮಾತ್ರ ಇನ್ನು ನನ್ನಿಂದ ಆಗದು.

ನಾಳೆ ಬೆಳಿಗ್ಗೆ ನೀನು ಅಂಗಡಿ ತೆರೆಯುವ ಹೊತ್ತಿಗೆ ಬಂದು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಕೌಂಟರಿನ ಈಚೆ ನಿಂತಿರುತ್ತೇನೆ; ಓಡಿಹೋಗುವುದಿಲ್ಲ. ಅಂದಿನಂತೆ ಬಗ್ಗಿ ಕಾಲು ಮುಟ್ಟಲು ಬರಬೇಡ. ಓದಿದ ಮೇಲೆ ನನ್ನನ್ನು ಮೇಡಂ ಎಂದು ಕರೆಯಬೇಕಾಗಿಯೂ ಇಲ್ಲ.